ತಿಂಗಳ ಎರಡನೇ ಐತವಾರ

ಅಣ್ಣಿಗೇರಿ
19 ಜೂನ್ 2023

ಐಶ್ವರ್ಯಾ,

ಅಕ್ಷರ ನೋಡಿದ ಕೂಡಲೇ ಯಾರದಂತ ಗೊತ್ತಾಗಿರತೈತಿ. ಹರದು ಒಗೀಬ್ಯಾಡ. ಒಮ್ಮೆ ಓದು, ಆಮ್ಯಾಲ ಏನರ ಮಾಡು. ಫೋನ್ ಹಚ್ಚಿದ್ರ ಹತ್ತೂದಿಲ್ಲ. ಈ ಮನಿ ನಂಬರ್ ಎಲ್ಲಾ ನೀ ಬಂದ್ ಮಾಡೀದಿ ಅಂತ ಬಾಜು ಮನಿ ಹನಮವ್ವ ಹೇಳಿದ್ಲು. ಅದಕ್ಕ ನೀ ಕಲಿಸೂ ಸಾಲಿ ವಿಳಾಸಕ್ಕ ಬರ್ಯಾಕತ್ತೀನಿ.

ಹೋದ ವಾರ ಸಾಲಿ ಮುಂದ ಒಬ್ಬ ಮುದುಕಿ ನಿಂತಿದ್ಲು ಅಂತ ನಿನಗ ಯಾರರ ಹೇಳಿರಬೇಕು. ಆಕಿ ನಾನ. ಮುಂಜಾನಿ ಬಸ್ಸಿಗೆ ಬಂದು, ನವಲಗುಂದದಾಗ ಇಳದು, ಕೇಳ್ಕೊಂತ ಕೇಳ್ಕೊಂತ ಬಂದೆ. ಬಿಡುವಿನ್ಯಾಗ ಹುಡುಗೂರೆಲ್ಲಾ ಹೊರಗ ಬಂದ್ವು. ಎಲ್ಲಾರದೂ ಒಂದ ನಮೂನಿ ಅಂಗಿ, ಒಂದ ನಮೂನಿ ಎರಡು ಜಡಿ. ನಾಕು ವರ್ಷ ನನ್ನ ಬಗಲಾಗ ಮಲಗಿದ ಮೊಮ್ಮಗಳು ಯಾವಾಕಿ ಅಂತ ನನಗ ಗುರುತು ಸಿಗಲಿಲ್ಲ. ಕಂಪೌಂಡ್ ಹಿಡಕೊಂಡು "ನೀಲಾ" ಅಂತ ಕೂಗಿದೆ. ಅಷ್ಟರಾಗ ಒಬ್ಬರು ಕಲಿಸೂ ಬಾಯಾರು ಬಂದು, "ಯಾರು ಬೇಕ್ರಿ? ಇಲ್ಲೆ ನಿಂದರಬ್ಯಾಡ್ರಿ" ಅಂದ್ರು. ಅಜ್ಜಿ ಅಂತ ಹೇಳಾಕ ಬಾಯಿ ಬರಲಿಲ್ಲ. ಬಂದ ಬಸ್ಸಿಗೆ ಹೊಳ್ಳಿ ಬಂದೆ.

ನಿಂದೂ ನನ್ನ ಮಗ ಈರೇಶಂದೂ ಲಗ್ನ ಮುರದು ಸೋಡಚೀಟಿ ಆದಾಗ, ತಿಂಗಳ ಎರಡನೇ ಐತವಾರ ಕೂಸಿನ ಭೆಟ್ಟಿ ಅದರ ಅಪ್ಪಗ ಅಂತ ಕೋರ್ಟಿನ್ಯಾಗ ಬರದಾರ. ಮೊದಮೊದಲು ಈರೇಶ ನನ್ನೂ ಕರಕೊಂಡು ಬರ್ತಿದ್ದ. ಭಾಗ್ಯಾನ ಜೋಡಿ ಎರಡನೇ ಲಗ್ನ ಆದಮ್ಯಾಲ ಅಂವ ಬರೂದ ಬಿಟ್ಟ. ನನಗೂ ತಪ್ಪಿತು. ಹದಿನಾಕು ತಿಂಗಳಾತು ಆಕಿ ಮಾರಿ ನೋಡಿ.

ಅಂವ ಬರದಿದ್ರ ಬ್ಯಾಡ. ಆ ಐತವಾರ ನನಗ ಕೊಡು. ಬ್ಯಾರೆ ಏನೂ ಕೇಳೂದಿಲ್ಲ. ಉತ್ತರ ಬರದ್ರ ಹನಮವ್ವನ ಹೆಸರಿಗೆ ಹಾಕು.

ರೇವವ್ವ


ನವಲಗುಂದ
27 ಜೂನ್ 2023

ರೇವವ್ವ ಅವರಿಗೆ,

ಪತ್ರ ತಲುಪಿದೆ. ಇನ್ನು ಮುಂದೆ ಶಾಲೆಯ ಹತ್ತಿರ ಬರಬೇಡಿ. ಅಂದು ನೀಲಾ ನಿಮ್ಮ ಕೂಗನ್ನು ಕೇಳಿಸಿಕೊಂಡಿದ್ದಾಳೆ. ಮನೆಗೆ ಬಂದು, "ಯಾರೋ ಕರದ್ರು, ನೋಡೂದ್ರಾಗ ಯಾರೂ ಇರಲಿಲ್ಲ" ಎಂದಳು. ಅದು ನೀವೆಂದು ನಾನು ಅವಳಿಗೆ ಹೇಳಿಲ್ಲ.

ಹದಿನಾಲ್ಕು ತಿಂಗಳು ಎಂದು ಲೆಕ್ಕ ಹಾಕಿದ್ದೀರಿ. ನನ್ನದೂ ಒಂದು ಲೆಕ್ಕವಿದೆ, ಏಳು ತಿಂಗಳು. ನೀಲಾಗೆ ಆಗ ನಾಲ್ಕು ವರ್ಷ. ಜ್ವರ ಬಂದ ಮಗುವನ್ನು ಯಾರಿಗೂ ಹೇಳದೆ ಮನೆಯಲ್ಲಿ ಬಿಟ್ಟು ಇಡೀ ದಿನ ಎಲ್ಲಿಗೋ ಹೋದವಳು ನಾನು ಎಂದು ಕೋರ್ಟಿಗೆ ಪ್ರಮಾಣಪತ್ರ ಕೊಟ್ಟವರು ನೀವು. ನಾನು ಹೋಗಿದ್ದು ಧಾರವಾಡಕ್ಕೆ, ಶಿಕ್ಷಕರ ಪರೀಕ್ಷೆ ಬರೆಯಲು. ನಾನು ಹೋಗುವುದಿಲ್ಲ ಎಂದಾಗ, "ನೀ ಹೋಗು ಬೇ, ನಾ ಅದೀನಲ್ಲ" ಎಂದು ಬುತ್ತಿ ಕಟ್ಟಿಕೊಟ್ಟವರೂ ನೀವೇ. ಆ ಒಂದು ಕಾಗದದಿಂದ ಏಳು ತಿಂಗಳು ಮಗು ನನ್ನ ಕೈಗೆ ಸಿಗಲಿಲ್ಲ. ಕೊನೆಗೆ ಸಿಕ್ಕ ದಿನ ನನ್ನನ್ನು ನೋಡಿ ನಿಮ್ಮ ಸೆರಗಿನ ಹಿಂದೆ ಅಡಗಿ ನಿಂತಳು. ಆಮೇಲಿನ ಭೇಟಿಗಳಿಗೆ ನಾನು ಬರದೆ, ಮನೆಯ ಒಡತಿ ಜೈನಬಿ ಅವರ ಕೈಯಲ್ಲಿ ಅವಳನ್ನು ಕಳಿಸುತ್ತಿದ್ದದ್ದು ನಿಮ್ಮ ಮುಖ ನೋಡಬಾರದೆಂದೇ.

ಈಗ ನಿಮ್ಮ ಮನೆಯಲ್ಲಿ ಮೊಮ್ಮಗ ಹುಟ್ಟಿದ್ದಾನೆ ಎಂದು ಕೇಳಿದೆ. ಅವನನ್ನು ಆಡಿಸಿಕೊಂಡಿರಿ.

ಐಶ್ವರ್ಯ


ಅಣ್ಣಿಗೇರಿ
11 ಜುಲೈ 2023

ಐಶ್ವರ್ಯಾ,

ನೀ ನನಗ ಪುಸ್ತಕದ ಭಾಷಾದಾಗ ಬರೀತಿ. ಮದಲ ಹಿಂಗ ಮಾತಾಡ್ತಿರಲಿಲ್ಲ.

ಮೊಮ್ಮಗ ಅದಾನ. ನಾನ ನೀರ ಎರೀತೀನಿ, ನಾನ ತೊಟ್ಟಿಲಾ ತೂಗತೀನಿ. ಅಂವಗ ಎಣ್ಣಿ ಹಚ್ಚಿ ಬೆನ್ನು ತಿಕ್ಕುಮುಂದ ನೀಲಾನ ಬೆನ್ನು ನೆನಪಾಕ್ಕೈತಿ. ಒಂದು ಕೂಸು ಬಂದ್ರ ಇನ್ನೊಂದು ಮರೀತೈತೇನು?

ಹಳೇದು ಕೆದರಿ ಏನು ಬಂತು? ಮನಿ ಮರ್ಯಾದಿ ಸಲುವಾಗಿ ಹೆಂಗಸ್ರು ಏನೇನರ ಮಾಡಬೇಕಾಕ್ಕೈತಿ.

ನಾ ತಾಲೂಕಿನ ಕಾನೂನು ಸೇವಾ ಸಮಿತಿಗೆ ಹೋಗಿದ್ದೆ. ಕೋರ್ಟು ಕಚೇರಿ ಬ್ಯಾಡ, ಎದುರಾಬದರ ಕುಂದ್ರಿಸಿ ಮಾತಾಡಿಸೋರು ಅದಾರ ಅಂದ್ರು. ಅರ್ಜಿ ಕೊಟ್ಟೀನಿ. ನಿನಗ ಪತ್ರ ಬರತೈತಿ. ಬಾ.

ರೇವವ್ವ


ನವಲಗುಂದ
2 ಆಗಸ್ಟ್ 2023

ಶ್ರೀಮತಿ ಐಶ್ವರ್ಯ ಅವರಿಗೆ,

ನಿಮ್ಮ ಮಗಳ ಅಜ್ಜಿ ರೇವವ್ವ ಅವರು ಮೊಮ್ಮಗಳ ಭೇಟಿಗಾಗಿ ಅರ್ಜಿ ಕೊಟ್ಟಿದ್ದಾರೆ. ಮಧ್ಯಸ್ಥಿಕೆಗೆ ನನ್ನನ್ನು ನೇಮಿಸಲಾಗಿದೆ. ಆಗಸ್ಟ್ 18ರ ಶುಕ್ರವಾರ ಮೊದಲ ಸಭೆ ಇಟ್ಟುಕೊಂಡಿದ್ದೇನೆ.

ನಾನು ತೀರ್ಪು ಕೊಡುವವಳಲ್ಲ. ನೀವಿಬ್ಬರೂ ಒಪ್ಪಿದ್ದನ್ನು ಮಾತ್ರ ಬರೆದುಕೊಳ್ಳುತ್ತೇನೆ. ಒಪ್ಪಿಗೆಯಾಗದಿದ್ದರೆ ಎದ್ದು ಹೋಗುವ ಸ್ವಾತಂತ್ರ್ಯ ಇಬ್ಬರಿಗೂ ಇದೆ. ಆ ಕೋಣೆಯಲ್ಲಿ ಆಡಿದ ಮಾತು ಆ ಕೋಣೆಯಲ್ಲೇ ಉಳಿಯಬೇಕು. ಅದನ್ನು ಮುಂದೆ ಯಾವ ಪ್ರಕರಣದಲ್ಲೂ ಬಳಸುವಂತಿಲ್ಲ. ಇದೊಂದು ನಿಯಮವನ್ನು ನಾನು ಬಿಗಿಯಾಗಿ ಪಾಲಿಸುತ್ತೇನೆ.

ಅರುಣಾ
ವಕೀಲರು, ಮಧ್ಯಸ್ಥಗಾರ್ತಿ


ನವಲಗುಂದ
20 ಆಗಸ್ಟ್ 2023

ಅರುಣಾ ಮೇಡಂ ಅವರಿಗೆ,

ಶುಕ್ರವಾರ ನಾನು ಅರ್ಧಕ್ಕೇ ಎದ್ದು ಬಂದದ್ದಕ್ಕೆ ಕ್ಷಮಿಸಿ. ರೇವವ್ವ ಅತ್ತಾಗ ನೀವು ನೀರು ಕೊಟ್ಟಿರಿ. ಕೊಡಬೇಕಾದದ್ದೇ. ಆದರೆ ಆ ಏಳು ತಿಂಗಳು ಕೋರ್ಟಿನ ಪಡಸಾಲೆಯಲ್ಲಿ ನಾನು ಅಳುತ್ತಿದ್ದಾಗ, ಇದೇ ರೇವವ್ವ ಎದುರಿನ ಬೆಂಚಿನಲ್ಲಿ ಕೂತು ನೀಲಾಳ ಜಡೆ ಹೆಣೆಯುತ್ತಿದ್ದರು. ಒಮ್ಮೆಯೂ ನನ್ನ ಕಡೆ ನೋಡಲಿಲ್ಲ. ಅದು ನೆನಪಾಗಿ ಕೂರಲಾಗಲಿಲ್ಲ.

ನಿಮಗೇನು ಬೇಕು ಎಂದು ನನ್ನನ್ನು ಕೇಳಿದಿರಿ. ಎರಡು ದಿನ ಯೋಚಿಸಿದೆ. ಆ ಪ್ರಮಾಣಪತ್ರ ಸುಳ್ಳೆಂದು ರೇವವ್ವ ತಮ್ಮ ಬಾಯಿಂದ ಹೇಳಬೇಕು. ನನ್ನೊಬ್ಬಳ ಕಿವಿಯಲ್ಲಿ ಅಲ್ಲ, ಈರೇಶನನ್ನು ಎದುರಿಗೆ ಕೂರಿಸಿಕೊಂಡು. ಅದನ್ನು ನಾನು ಎಲ್ಲಿಗೂ ಒಯ್ಯುವುದಿಲ್ಲ. ನನಗೆ ಕೇಳಿಸಿದರೆ ಸಾಕು.

ಅದಾದರೆ ತಿಂಗಳಿಗೊಂದು ಭಾನುವಾರ ಕೊಡುತ್ತೇನೆ. ಇಲ್ಲದಿದ್ದರೆ ಇಲ್ಲ.

ಐಶ್ವರ್ಯ


ಅಣ್ಣಿಗೇರಿ
5 ಸೆಪ್ಟೆಂಬರ್ 2023

ಐಶ್ವರ್ಯಾ,

ಅರುಣಾಬಾಯಾರು ನಿನ್ನ ಮಾತು ತಿಳಿಸಿದ್ರು. ನೀ ಕೇಳಿದ್ದು ನನ್ನ ಕೈಲೆ ಆಗೂದಲ್ಲ. ನಾ ಉಣ್ಣೂದು ಈರೇಶನ ಮನ್ಯಾಗ.

ಆದ್ರ ನಿನಗೊಬ್ಬಾಕಿಗೆ ಬರೀತೀನಿ. ಈರೇಶ ಆ ಕಾಗದ ತಂದು ಮುಂದಿಟ್ಟು, "ಸಹಿ ಮಾಡು, ಅದರಾಗೇನಿಲ್ಲ" ಅಂದ. ಓದು ಬರದ ಮುದುಕಿ, ಏನೂ ತಿಳೀದ ಸಹಿ ಮಾಡ್ಯಾಳ ಅಂತ ನಿನಗ ಯಾರರ ಹೇಳಿದ್ರ ನಂಬಬ್ಯಾಡ. ನಾ ಏಳನೇತ್ತ ಪಾಸಾದಾಕಿ. ಎರಡು ಸಲ ಓದಿದೆ. ಜ್ವರದ್ದು ಓದಿದೆ, ಯಾರಿಗೂ ಹೇಳದ ಹೋದ್ಲು ಅನ್ನೂದು ಓದಿದೆ. ಓದಿ, ತಿಳಕೊಂಡ ಸಹಿ ಮಾಡೀನಿ.

ಮರ್ಯಾದಿ ಸಲುವಾಗಿ ಅಂತ ಹೋದ ಕಾಗದದಾಗ ಬರದಿದ್ದೆ. ಅದೂ ಖರೇ ಅಲ್ಲ. ನೌಕರಿ ಬ್ಯಾಡ ಅಂತ ಈರೇಶ ನಿನ್ನ ಜೋಡಿ ಜಗಳಾಡಿದಾಗ, ನಿನಗ ನೌಕರಿ ಸಿಗಲಿ ಅಂತನ ನನ್ನ ಮನಸಿನ್ಯಾಗಿತ್ತು. ಆದ್ರ ನೀ ಮನಿ ಬಿಟ್ಟು ನಿಂತಾಗ ತಿಳೀತು, ನೀ ಹ್ವಾದ್ರ ನೀಲಾನೂ ಹೊಕ್ಕಾಳ ಅಂತ. ಆಕಿ ನನ್ನ ಕೊಳ್ಳಾಗ ಕೈ ಹಾಕಿ ಮಲಗಾಕಿ. ಕೊಡೂದು ಆಗಲಿಲ್ಲ. ಸಹಿ ಮಾಡಿದ್ರ ಉಳೀತಾಳ ಅಂದಕೊಂಡೆ. ಏಳು ತಿಂಗಳು ಉಳಿದ್ಲು.

ಇಷ್ಟ ಖರೇ. ಇದನ್ನ ಓದಿ ಸುಟ್ಟುಬಿಡು. ಮಗನ ಮುಂದ ಹೇಳು ಅನ್ನಬ್ಯಾಡ.

ರೇವವ್ವ


ನವಲಗುಂದ
12 ಸೆಪ್ಟೆಂಬರ್ 2023

ರೇವವ್ವ ಅವರಿಗೆ,

ಸುಟ್ಟಿದ್ದೇನೆ. ನನ್ನ ಷರತ್ತು ಬದಲಾಗಿಲ್ಲ. ನನ್ನ ಮೇಲೆ ಸುಳ್ಳು ಹೇಳುವಾಗ ಎಲ್ಲರ ಮುಂದೆ ಹೇಳಿದಿರಿ.

ಐಶ್ವರ್ಯ


ಅಣ್ಣಿಗೇರಿ
9 ಅಕ್ಟೋಬರ್ 2023

ಐಶ್ವರ್ಯಾ,

ಈಗ ಸಮಾಧಾನ ಆತಿಲ್ಲ ನಿನಗ? ನನ್ನ ಅವ್ವ ಅರವತ್ತು ದಾಟಿದಾಕಿ, ಅರುಣಾಬಾಯಾರ ಸಭಾದಾಗ ನಿನ್ನ ಮುಂದ ಕೈ ಜೋಡಿಸಿ ಕುಂತು, "ಆ ಕಾಗದ ಸುಳ್ಳು, ನಾನ ಆಕಿಗೆ ಹೋಗು ಅಂದಿದ್ದೆ" ಅಂದ್ಲು. ಅಷ್ಟಕ್ಕ ಬಿಟ್ಟಿದ್ರ ನಡೀತಿತ್ತು. "ನನ್ನ ಮಗಗೂ ಗೊತ್ತಿತ್ತು, ಬುತ್ತಿ ಕಟ್ಟುಮುಂದ ಅಂವ ಅಲ್ಲೇ ಚಾ ಕುಡಿಯಾಕತ್ತಿದ್ದ" ಅಂತನೂ ಹೇಳಿದ್ಲು. ನೀ ಗ್ವಾಡಿ ನೋಡ್ಕೊಂತ ಕುಂತಿದ್ದಿ. ಅದು ಮುಗೀಲಿ ಅಂತ ಆ ಬಾಯಾರು ಕೊಟ್ಟ ಕಾಗದಕ್ಕ ನಾ ಸಹಿ ಹಾಕಿ ಎದ್ದು ಬಂದೆ.

ಸಿಟ್ಟಿನ್ಯಾಗ ನಾ ಮನಿಗೆ ಬಂದು ಒದರ್ಯಾಡಿದ್ದು ಭಾಗ್ಯಾ ಕೇಳಿಸ್ಕೊಂಡ್ಲು. ಆಕಿ ಅಂದದ್ದು ನೀನೂ ಕೇಳು. "ಆಕಿಗೆ ಮಾಡಿದ್ದು ನನಗ ಮಾಡೂದಿಲ್ಲಂತ ಏನು ಖಾತ್ರಿ? ಇವತ್ತಿನಿಂದ ನನ್ನ ಕೂಸು ಅತ್ತಿ ಕೈಯಾಗ ಕೊಡೂದಿಲ್ಲ" ಅಂದ್ಲು. ಈಗ ಆ ಕೂಸಿಗೆ ನೀರ ಎರಿಯಾಕ ಭಾಗ್ಯಾನ ಅವ್ವ ಸಂಶಿಯಿಂದ ಬಂದು ಕುಂತಾಳ. ನನ್ನ ಅವ್ವ ಹಿತ್ತಲ ಕಟ್ಟಿ ಮ್ಯಾಲ ಕುಂದರ್ತಾಳ.

ನನ್ನ ಐತವಾರ ಅವ್ವಗ ಬಿಟ್ಟುಕೊಟ್ಟೀನಿ. ನೀಲಾ ಕೇಳಿದ್ರ, ನಿಮ್ಮಪ್ಪಗ ಕೆಲಸ ಭಾಳ ಅಂತ ಹೇಳು. ಏನು ಹೇಳ್ತಿಯೋ ಹೇಳು.

ಈರೇಶ


ನವಲಗುಂದ
18 ಅಕ್ಟೋಬರ್ 2023

ಶ್ರೀಮತಿ ಐಶ್ವರ್ಯ ಮತ್ತು ಶ್ರೀಮತಿ ರೇವವ್ವ ಅವರಿಗೆ,

ನೀವಿಬ್ಬರೂ ಒಪ್ಪಿದ ಕರಾರಿನ ಪ್ರತಿ ಇದರೊಂದಿಗಿದೆ. ಪ್ರತಿ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ನೀಲಾ ತನ್ನ ಅಜ್ಜಿಯೊಂದಿಗೆ ಇರುತ್ತಾಳೆ. ಸ್ಥಳ, ಜೈನಬಿ ಅವರು ಜಮಖಾನ ನೇಯುವ ಕೋಣೆ. ಮಗುವನ್ನು ಊರ ಹೊರಗೆ ಕರೆದೊಯ್ಯುವಂತಿಲ್ಲ. ಹಳೆಯ ಪ್ರಕರಣದ ಮಾತನ್ನು ಇಬ್ಬರೂ ಮಗುವಿನ ಮುಂದೆ ಎತ್ತುವಂತಿಲ್ಲ.

ಕೊನೆಯ ಮಾತನ್ನು ಸೇರಿಸಲು ಕೇಳಿದವರು ರೇವವ್ವ. ಐಶ್ವರ್ಯ, ನೀವು ತಕ್ಷಣ ಒಪ್ಪಿದಿರಿ. ಅದಕ್ಕಾಗಿ ನಿಮಗೆ ಕೃತಜ್ಞತೆ.

ಅರುಣಾ


ಅಣ್ಣಿಗೇರಿ
12 ಡಿಸೆಂಬರ್ 2023

ಐಶ್ವರ್ಯಾ,

ಎರಡು ಐತವಾರ ಆದ್ವು. ಹೆಂಗಾತು ಅಂತ ನೀ ಕೇಳೂದಿಲ್ಲ, ನಾನ ಹೇಳ್ತೀನಿ.

ಮದಲನೇ ಸಲ ಆಕಿ ಜೈನಬಿ ಬೆನ್ನ ಹಿಂದ ನಿಂತಿದ್ಲು. ಆದ್ರ ಅಜ್ಜಿಗೆ ಅಮ್ಮಾ ಅನ್ನೂ ರೂಢಿ ಮರತಿಲ್ಲ. "ಅಮ್ಮಾ, ನೀ ಸಣ್ಣಾಕಿ ಆಗೀದಿ" ಅಂದ್ಲು. ನಾ ಸಣ್ಣಾಕಿ ಆಗಿಲ್ಲ, ಆಕಿ ಎತ್ತರ ಆಗ್ಯಾಳ. ಮೊನ್ನೆ ಐತವಾರ ಮಾತ್ರ ನಾ ಬಾಗಲದಾಗ ಬರೂದಕ್ಕ ಓಡಿ ಬಂದ್ಲು. ಜೈನಬಿ ಆಕಿಗೆ ಜಮಖಾನದ ನೂಲು ಹಾಕಿ ಹಣಿಗಿಲೆ ಬಡಿಯೂದು ಕಲಿಸ್ಯಾಳ. ಕೆಂಪು ಎಲ್ಲಿ ಹಾಕಬೇಕು, ಹಳದಿ ಎಲ್ಲಿ ಹಾಕಬೇಕು ಅಂತ ನನಗ ಪಾಠ ಹೇಳಿದ್ಲು. ನಾ ಬೇಕಂತ ತಪ್ಪು ಹಾಕಿದೆ. ನನ್ನ ಕೈ ಮ್ಯಾಲ ಹೊಡದು ನಕ್ಕಳು. ನಾ ತಂದ ಸೇಂಗಾದ ಉಂಡಿ ಮೂರು ತಿಂದ್ಲು. ಜಡಿ ಹಾಕಿದೆ. ಹೊಂಡುಮುಂದ, "ಅಮ್ಮಾ, ನಾನೂ ಅಣ್ಣಿಗೇರಿಗೆ ಬರ್ತೀನಿ, ನಿನ್ನ ಬಾಜು ಮಕ್ಕೋತೀನಿ" ಅಂತ ಸೆರಗು ಹಿಡದ್ಲು. ಕರಾರು ಆಕಿಗೆ ಹೆಂಗ ತಿಳಸೂದು? ಬಿಡಿಸ್ಕೊಂಡು ಬಸ್ಸು ಹತ್ತಿದೆ.

ಇಲ್ಲೆ ಮನ್ಯಾಗ ಕೂಸು ಅತ್ರ ನಾ ಎದ್ದು ಹೋಗೂಹಂಗಿಲ್ಲ. ಕೈ ತಾವ ಏಳತಾವ, ಸೆರಗಿನ್ಯಾಗ ಸುತ್ತಿ ಕುಂದರ್ತೀನಿ. ಭಾಗ್ಯಾನ ತಪ್ಪಿಲ್ಲ. ಆಕಿ ಜಾಗಾದಾಗ ನಾ ಇದ್ರೂ ಕೊಡ್ತಿರಲಿಲ್ಲ.

ತಿಂಗಳಿಗೆ ಒಂದು ದಿನ ಐತಿ ನನಗ. ಅದ ಸಾಕು. ನಿನಗ ಒಳ್ಳೇದಾಗಲಿ.

ರೇವವ್ವ


ಅಣ್ಣಿಗೇರಿ
16 ಜನವರಿ 2024

ಐಶ್ವರ್ಯಾ,

ಐತವಾರ ಎಳ್ಳು ಬೆಲ್ಲ ತಂದಿದ್ದೆ. ನೀಲಾ ಕೈ ಚಾಚಲಿಲ್ಲ. ಬಾಗಲದಾಗ ನಿಂತು ಕೇಳಿದ್ಲು, "ನೀವು ಕೋರ್ಟಿಗೆ ಸುಳ್ಳು ಬರಕೊಟ್ಟಿದ್ರ್ಯಂತ. ಹೌದೇನ್ರಿ?"

ನೀ ಅನ್ನಾಕಿ, ನೀವು ಅಂದ್ಲು. ಜೈನಬಿ ಕೈ ಮಗ್ಗದ ಮ್ಯಾಲ ಹಂಗ ನಿಂತ್ವು.

ನಾ ಹೌದು ಅಂದೆ.

"ಅವ್ವಾ ಏಳು ತಿಂಗಳು ಅತ್ತಾಳಂತ."

"ಹೌದು."

"ನಾನೂ ಅತ್ತಿದ್ನ್ಯಾ?"

"ಅತ್ತಿದ್ದಿ. ದಿನಾ ಸಂಜಿಕ ಬಾಗಲಕ್ಕ ಹೋಗಿ ನಿಂದರ್ತಿದ್ದಿ."

"ಆವಾಗ ನನಗ ನೀವು ಏನು ಹೇಳ್ತಿದ್ರಿ?"

"ನಿಮ್ಮವ್ವ ಊರಿಗೆ ಹೋಗ್ಯಾಳ, ನಾಳೆ ಬರ್ತಾಳ ಅಂತ ಹೇಳ್ತಿದ್ದೆ."

"ಅದೂ ಸುಳ್ಳ?"

ಆಕಿ ಒಳಗ ಹೋಗಿ ಬಾಗಲಾ ಹಾಕ್ಕೊಂಡ್ಲು. ನಾಕು ಗಂಟೇತನಾ ನಾನೂ ಜೈನಬಿನೂ ಇಬ್ಬರ ಕುಂತಿದ್ವಿ.

ಯಾರು ಹೇಳಿದ್ರಂತ ನಾ ಆಕಿಗೆ ಕೇಳಲಿಲ್ಲ. ನಿನಗೂ ಕೇಳೂದಿಲ್ಲ. ಅರುಣಾಬಾಯಾರಿಗೂ ಹೇಳೂದಿಲ್ಲ.

ರೇವವ್ವ


ನವಲಗುಂದ
28 ಜನವರಿ 2024

ನಿಮಗ ಏನಂತ ಕರೀಬೇಕೋ ನನಗ ತಿಳೀವಲ್ದು. ಅತ್ತಿ ಅನ್ನೂ ಹಕ್ಕು ಉಳದಿಲ್ಲ. ರೇವವ್ವ ಅವರಿಗೆ ಅಂತ ಬರದು ಬರದು ಬ್ಯಾಸರಾಗೇದ.

ನಾನ ಹೇಳೀನಿ. ನೀವು ಕೇಳೂದಿಲ್ಲ ಅಂದ್ರೂ ಹೇಳತೀನಿ.

ಡಿಸೆಂಬರಿನ ಆ ಐತವಾರದಿಂದ ಮನ್ಯಾಗ ಬರೇ ನಿಮ್ಮ ಮಾತು. ಅಮ್ಮ ಹಿಂಗಂದ್ಲು, ಅಮ್ಮ ಜಡಿ ಹಿಂಗ ಹಾಕ್ತಾಳ. ನಾ ಹಾಕಿದ ಜಡಿ ಬಿಚ್ಚಿ, "ನಿನಗ ಬರೂದಿಲ್ಲ ಬಿಡು" ಅಂದ್ಲು. ಒಂದಿನ ಚೀಲದಾಗ ಎರಡು ಅಂಗಿ ತುಂಬಿ ಇಟ್ಟಿದ್ಲು. ಯಾಕಂತ ಕೇಳಿದ್ರ, "ಸಾಲಿ ಸೂಟಿಗೆ ಅಮ್ಮನ ಕಡೆ ಹೊಕ್ಕೀನಿ, ಅಲ್ಲೇ ಇರ್ತೀನಿ" ಅಂದ್ಲು. ನಾ ಸಾಲಿಯಿಂದ ಬಂದು ಆಕಿಗೆ ಅನ್ನ ಕಲಸಿ ತಾಟು ಹಿಡಕೊಂಡು ನಿಂತಿದ್ದೆ. ನಿಂತಲ್ಲೇ ಎಲ್ಲಾ ಹೇಳಿಬಿಟ್ಟೆ. ಕಾಗದದ್ದು, ಜ್ವರದ್ದು, ಏಳು ತಿಂಗಳದ್ದು. ಬಾಯಿ ತಪ್ಪಿ ಬಂದದ್ದಲ್ಲ. ಹೇಳಿದ್ರ ಆಕಿ ನನ್ನ ಕಡೆ ಬರ್ತಾಳಂತ ಗೊತ್ತಿದ್ದ ಹೇಳೀನಿ.

ಬರಲಿಲ್ಲ. ಅವತ್ತಿನಿಂದ ನಾ ಏನು ಹೇಳಿದ್ರೂ, "ಖರೇನ? ಆಣಿ ಮಾಡು" ಅಂತಾಳ. ನಾಳೆ ಮಳಿ ಬರತದ ಅಂದ್ರೂ ಆಣಿ ಮಾಡು ಅಂತಾಳ. "ಅಪ್ಪಗ ಕೆಲಸ ಅದ ಅಂದಿದ್ದಿ, ಅದೂ ಸುಳ್ಳಿರಬೇಕು" ಅಂದ್ಲು.

ನನಗೊಂದು ದಾರಿ ಹೊಳದದ. "ನಾ ಅವತ್ತು ಸಿಟ್ಟಿಗೆ ಕಟ್ಟಿ ಹೇಳಿದ್ದೆ, ಅಮ್ಮ ಅಂಥಾದ್ದೇನೂ ಮಾಡಿಲ್ಲ" ಅಂತ ಆಕಿಗೆ ಹೇಳತೀನಿ. ನನ್ನ ಮ್ಯಾಲ ನಾಕು ದಿನ ಸಿಟ್ಟಾದ್ರ ಆಗಲಿ. ನೀವು ಹೂಂ ಅಂದ್ರ ಸಾಕು.

ಐಶ್ವರ್ಯ


ಅಣ್ಣಿಗೇರಿ
13 ಫೆಬ್ರವರಿ 2024

ಐಶ್ವರ್ಯಾ,

ಹಂಗ ಮಾಡಬ್ಯಾಡ. ನಾ ಆಕಿ ಮುಂದ ಹೌದು ಅಂದೀನಿ. ಈಗ ನೀ ಇಲ್ಲ ಅಂದ್ರ, ನಮ್ಮಿಬ್ಬರಾಗ ಯಾರು ಸುಳ್ಳು ಅಂತ ಆಕಿ ಜನ್ಮ ಇಡೀ ಹುಡಕಬೇಕಾಕ್ಕೈತಿ. ನನ್ನ ಹೆಸರು ಉಳಸಾಕ ಯಾರೂ ಮತ್ತೊಂದು ಸುಳ್ಳು ಹೇಳೂದು ಬ್ಯಾಡ.

ನಿನ್ನ ಕಾಗದ ಬಂದಾಗ ನನಗ ಸಿಟ್ಟು ಬಂತು. ಮಗ ದೂರಾದ, ಎತ್ತಿಕೊಳ್ಳೂ ಕೂಸು ಕೈಬಿಟ್ಟು ಹೋತು, ಅದನ್ನೆಲ್ಲಾ ಕೊಟ್ಟು ಒಂದು ದಿನ ಇಸಗೊಂಡಿದ್ದೆ. ಅದನ್ನೂ ನೀ ಒಂದು ಮಾತಿನ್ಯಾಗ ಕಳದಿ. ಹಂಗಂತ ಬರ್ಯಾಕ ಕುಂತೆ. ಬರದು ಹರದೆ. ನಿನಗ ಬೈಯಾಕ ನನಗ ಮಾರಿ ಇಲ್ಲ. ನೀ ಮಾಡಿದ್ದು ತಪ್ಪು. ಅದನ್ನೂ ಹೇಳದ ಬಿಡೂದಿಲ್ಲ.

ಮೊನ್ನೆ ಐತವಾರ ಹೋಗಿದ್ದೆ. ನೀಲಾ ಈ ಸಲ ಬಾಗಲಾ ಹಾಕಿರಲಿಲ್ಲ. ಮಗ್ಗದ ಮುಂದ ನನ್ನ ಕಡೆ ಬೆನ್ನು ಮಾಡಿ ಕುಂತಿದ್ಲು. ಜಡಿ ತಾನ ಹಾಕ್ಕೊಂಡಿದ್ಲು, ಬೈತಲಿ ಸೊಟ್ಟ ಆಗಿತ್ತು. ನಾ ಹೊಸ್ತಲ ಕಡೆ ಕುಂತೆ. ಜೈನಬಿ ಚಾ ಕೊಟ್ಟು, "ನೀಲಾ, ಅಮ್ಮಗ ಒಂದು ಮಾತಾಡ ಬೇಟಿ" ಅಂದ್ಲು. ಆಕಿ ನೂಲು ಬಡದ್ಲು. ನಾ ಜೈನಬಿಗೆ ಬ್ಯಾಡ ಅಂತ ಕೈ ಮಾಡಿದೆ. ಊಟದ ಹೊತ್ತಿಗೆ ಬುತ್ತಿ ಬಿಚ್ಚಿ ಆಕಿ ಬಾಜು ಇಟ್ಟೆ. ಮುಟ್ಟಲಿಲ್ಲ. ನಾನೂ ಉಣ್ಣಲಿಲ್ಲ. ನಾಕು ಹೊಡೀತು. ಆಕಿ ಎದ್ದು, ಚಪ್ಪಲಿ ಹಾಕ್ಕೊಂಡು, ನನ್ನ ದಾಟಿ ಹೋದ್ಲು. ತಿರುಗಿ ನೋಡಲಿಲ್ಲ.

ಮುಂದಿನ ತಿಂಗಳು ಹತ್ತನೇ ತಾರೀಕಿಗೆ ಐತವಾರ ಬರತೈತಿ. ಹತ್ತಕ್ಕ ಬಂದು ಕುಂದರ್ತೀನಿ. ಆಕಿನ್ನ ಬೈದು ಗದರಿಸಿ ನನ್ನ ಕಡೆ ತಿರಗಸಬ್ಯಾಡ. ನಾ ಬರಬೇಕು ಅಂತ ಕರಾರಿನ್ಯಾಗ ಐತಿ. ಆಕಿ ಮಾತಾಡಬೇಕು ಅಂತ ಇಲ್ಲ.

ರೇವವ್ವ